ಕೆಂಚವೀರ ಎದ್ದು ಬರುವ ಪುಟ

“ಸುಳ್ಳಾಡಿದ್ರೆ ನನ್ ಗಂಟಲಲ್ಲಿ ಮುದ್ದೆ ಇಳೀದಂಗಾಗ್ಲಿ” ಎಂದು ಆಣೆಯಿಟ್ಟೇ ಕರಿಯಪ್ಪ ಇದನ್ನು ಹೇಳುವುದು. ತೊಂಬತ್ತಾರನೇ ಇಸವಿಯಲ್ಲಿ ಅವನು ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ತೆಂಗಿನಕಾಯಿ ಮೂಟೆಯ ಮೇಲೆ ಕೂತಿದ್ದಾಗ, ಪಕ್ಕದಲ್ಲಿ ಕಾಲೇಜು ಹುಡುಗರಿಬ್ಬರು ಜಗಳವಾಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಾದಾಡುವ ಆಟವಂತೆ. ಅದಕ್ಕೊಂದು ನಿಯಮದ ಪುಸ್ತಕ. ಅದರ ಹೊಸ ಆವೃತ್ತಿ ಶ್ರೀಕರನ ಕೈಯಲ್ಲಿತ್ತು. ಹಳೆಯದರ ಜೆರಾಕ್ಸು ನಿಂಗರಾಜುವಿನ ಕಂಕುಳಲ್ಲಿತ್ತು.

“ಹೊಸ ಪುಸ್ತಕದ ಪ್ರಕಾರ ನಿನ್ನ ಕೆಂಚವೀರ ಸತ್ತ ಕಣೋ. ಮುಗೀತು.”

“ಮೂರು ವರ್ಸ ಆಡ್ಸಿ ಬೆಳೆಸಿವ್ನಿ ಕಣ್ಲಾ ಅವನ್ನ! ಹಳೇದ್ರಲ್ಲಿ ಎದ್ದು ಬತ್ತಾನೆ.”

“ಎಲ್ಲಿದೆ, ತೋರ್ಸು.”

“ನಲವತ್ತೆರಡನೇ ಪುಟ.”

“ಆ ಪುಟ ಜೆರಾಕ್ಸಲ್ಲಿ ಬಂದೇ ಇರ್ಲಿಲ್ಲ. ನಿಮ್ಮಜ್ಜಿ ಹೇಳಿ ಬರೆಸಿದ್ದು ಅದು!”

“ನಮ್ಮಜ್ಜಿ ಚಿಕ್ಕಬೋರಮ್ಮ ಯೋಳುದ್ಮೇಲೆ ಮುಗೀತು. ಸತ್ತೋನ ಕಡೆಯೋರು ಆಡೋರ್ಗೆಲ್ಲ ಒಬ್ಬಟ್ಟಿನೂಟ ಆಕುದ್ರೆ ಸತ್ತೋನು ಎದ್ದೇಳ್ತಾನೆ. ನಿನ್ನ ಮಂತ್ರವಾದಿ ಎರಡು ಸಲ ಅಂಗೇ ಎದ್ದಿಲ್ವಾ?”

“ಆಗ ಹೊಸ ಪುಸ್ತಕ ಬಂದಿರ್ಲಿಲ್ಲ.”

“ಅಂಗಾರೆ ಆಯ್ತು ಬುಡು. ಊರಲ್ಲಿ, ಶೀಳನೆರೇಲಿ, ಅಜ್ಜಿ ಬೆಳಗ್ಗೇನೇ ಬೇಳೆ ಬೇಯಾಕಿಟ್ಟವ್ಳೆ. ಸತ್ತೋನು ಸತ್ತ ಅಂದ್ರೆ ಊಟಾನೂ ಇಲ್ಲ. ನೀನು ಆ ನಿನ್ನ ಹೊಸ ಪುಸ್ತಕಾನೇ ತುಪ್ಪ ಆಕ್ಕೊಂಡು...”

ಅಷ್ಟರಲ್ಲಿ ಶೀಳನೆರೆ ಕಡೆಗೆ ಹೋಗಲು ಹತ್ತಬೇಕಾದ ಕೆ.ಆರ್.ಪೇಟೆ ಬಸ್ಸು ಬಂತು. ನಿಂಗರಾಜುವಿನ ಮಾತು ಮುಗಿಯುವ ಮೊದಲೇ ಶ್ರೀಕರ ಎದ್ದು ಓಡಿ, ಹೊಸ ಪುಸ್ತಕವನ್ನು ಕಿಟಕಿಯಿಂದ ಒಳಕ್ಕೆಸೆದು ಇಬ್ಬರಿಗೂ ಸೀಟು ಹಿಡಿದ.