ಮಣಿ ಎಲ್ಲಿ ಹೋದ್ಲು ಅಂದ್ರ

ಹೋದ್ಲು ಅಂದೆನಲ್ರಿ ಅತ್ತಿ, ಹೋದ್ಲು! ಎಷ್ಟು ಸಲ ಹೇಳ್ಲಿ? ಬೆಳುಗುಪ್ಪದಾಗ ಮಗಳ ಮನ್ಯಾಗ ನಾಕು ದಿನ ಇದ್ದು ಈಗ ಬಂದೀರಿ. ಆಟೋ ಇಳಿದ ಮ್ಯಾಲ ಕಾಲು ತೊಳಕೊಳ್ಳೋದಿಲ್ಲ, ನೀರು ಕುಡಿಯೋದಿಲ್ಲ, ಸೀದಾ ಹಿತ್ತಲ ಕೋಣಿಗೆ ಹೋಗಿ ಬಾಗಲ ನೂಕಿ ನೋಡಿ ಬಂದು ನನ್ನ ಮುಂದ ನಿಂತುಬಿಟ್ರಿ! ಬಾಯಿ ಬಿಟ್ಟು ಕೇಳಲಿಲ್ಲ ಖರೆ... ಆದ್ರ ಆ ಕಣ್ಣು? ಮಣಿ ಎಲ್ಲಿ, ಮಣಿ ಎಲ್ಲಿ ಅಂತ ಅವು ಒದರಾಕತ್ತಾವಲ್ಲ! ಸೊಸಿ ಇದ್ದಾಳೋ ಸತ್ತಾಳೋ, ಅದು ಬ್ಯಾಡ ನಿಮಗ.

ಕುಂದರ್ರಿ. ಚಾ ಇಟ್ಟೀನಿ. ನಿನ್ನೆ ಹೋದ್ಲು. ಬಳ್ಳಾರ್ಯಾಗ ಯಾವುದೋ ಪ್ಯಾಂಟು ಹೊಲಿಯೋ ಕಡಿ ಕೆಲಸ ಸಿಕ್ತಂತ, ಇಲ್ಲಿಗಿಂತ ಹೆಚ್ಚು ಕೂಲಿ ಅಂತ. ಗಂಟು ಕಟ್ಟಿದ್ಲು, ಹೊಂಟ್ಲು. ಮುಗೀತು. ಆರು ತಿಂಗಳು ನಮ್ಮ ಮನ್ಯಾಗ ಇದ್ದಾಕಿ, ಹೋಗಿ ಬರ್ತೀನಿ ಅಂತ ಒಂದು ಮಾತಾದ್ರೂ... ಹ್ಞಾಂ? ಯಾಕ ನಗ್ತೀರಿ? ನಕ್ಕಿಲ್ಲಾ? ತುಟಿ ಹಂಗ ಮಾಡಿದ್ರಲ್ಲ, ನಾನು ನೋಡಿಲ್ಲೇನು?

ನಿಮಗೊಂದು ಚಟ ಐತ್ರಿ ಅತ್ತಿ, ಸಿಟ್ಟಾಗಬ್ಯಾಡ್ರಿ. ಗಂಟು ಹೊತ್ತು ಬಂದೋರನ್ನ ಕಂಡ್ರ ಸಾಕು, ಕರಗಿ ನೀರಾಗಿಬಿಡ್ತೀರಿ. ನಮ್ಮ ಮನಿ ಏನು ಛತ್ರಾನಾ? ಆ ಸ್ವೆಟರ್ ಮಾರೋ ಟಿಬೆಟ್ ಹುಡುಗ... ವರ್ಷಾ ವರ್ಷಾ ಚಳಿಗಾಲಕ್ಕ ಬರ್ತಾನಲ್ಲ, ಅವನು. ಅವರಜ್ಜಿ ಹದಿನೈದು ವರ್ಷದಾಕಿ ಇದ್ದಾಗ ದೇಶ ಬಿಟ್ಟು ಹಿಮದಾಗ ನಡಕೊಂತ ಬಂದ್ಲಂತ, ಎರಡು ಕಾಲಬೆರಳು ಕೊಳೆತು ಹೋದುವಂತ. ಅವನು ಹೇಳೋದು, ನೀವು ಸೆರಗಿಲೆ ಕಣ್ಣು ಒರೆಸಿಕೊಳ್ಳೋದು, ಅವನು ಇನ್ನೊಂದು ಸ್ವೆಟರ್ ತೆಗೆದು ನಿಮ್ಮ ಕೈಯಾಗ ಇಡೋದು! ರಾಯದುರ್ಗದ ಬಿಸಿಲಿಗೆ ಸ್ವೆಟರ್! ಹನ್ನೊಂದು ಅದಾವ್ರಿ ಟ್ರಂಕಿನಾಗ. ಒಂದನ್ನಾದ್ರೂ ಹಾಕ್ಕೊಂಡೀರೇನು? ಹೋಗ್ಲಿ, ಕುರಿಗೆ ತೊಡಸೋಣಂದ್ರ ಅದಕ್ಕ ಆಗಲೇ ದೇವರೊಂದು ಕೊಟ್ಟಾನ.

ಆಮ್ಯಾಲ ಈ ಮಹಾರಾಣಿ. ಮಣಿಪುರ ಅಂತ, ಎಲ್ಲೈತೋ ಏನೋ. ಮನಿ ಸುಟ್ರಂತ, ರಾತ್ರೋರಾತ್ರಿ ಓಡಿದ್ರಂತ, ಶಿಬಿರದಾಗ ಒಂದೂವರಿ ವರ್ಷ ಇದ್ರಂತ. ಗಂಗರಾಜುನ ಪ್ಯಾಂಟಿನ ಯೂನಿಟ್ಟಿಗೆ ಮೇಸ್ತ್ರಿ ಏಳು ಹುಡುಗ್ಯಾರನ್ನ ತಂದ. ಆರು ಮಂದಿ ಬಿಸಿಲು ತಾಳಲಾರದ ಓಡಿಹೋದ್ರು, ಇದೊಂದು ಉಳೀತು. ಹತ್ತೊಂಬತ್ತು ವರ್ಷದ್ದು. ಹೆಸರು ನಮ್ಮ ನಾಲಗಿಗೆ ಹೊರಳಲಿಲ್ಲ, ನೀವು ಮಣಿ ಅಂದ್ರಿ. ಕೋಣಿ ಕೊಟ್ರಿ. ಬಾಡಿಗಿ ಅಂದಿದ್ದಕ್ಕ ನನ್ನ ಮ್ಯಾಲ ಹರಿಹಾಯ್ದ್ರಿ. ಒಣಮೀನು ಹಾಕಿ ಅದೇನೋ ಚಟ್ನಿ ಅರೆದು ಓಣಿಯೆಲ್ಲ ಮೂಗು ಮುಚ್ಚಿಕೊಂಡಾಗ, 'ನಮ್ಮ ಗುರೆಳ್ಳು ಚಟ್ನಿ ಆಕಿ ಮೂಗಿಗೆ ಹೆಂಗ ಹೊಡೀತೈತೋ, ಪಾಪ' ಅಂದ್ರಿ! ದಿನಾ ಕಟ್ಟಿ ಮ್ಯಾಲ ಇಬ್ಬರೂ ಪ್ಯಾಂಟಿನ ರಾಶಿ ಹಾಕ್ಕೊಂಡು ಕುಂತು, ಸಣ್ಣ ಕತ್ತರಿಲೆ ಹೊಲಿಗ್ಯಾಗ ಜೋತುಬಿದ್ದ ದಾರ ಕಚಕಚ ಕತ್ತರಿಸಿಕೊಂತ... ಕನ್ನಡ ಕಲಿಸಿದ್ದೇನು, ಆಕಿ ತಪ್ಪು ಮಾತಿಗೆಲ್ಲ ಕಿಸಿಕಿಸಿ ನಕ್ಕಿದ್ದೇನು! ನಾನು ಮಡಕಶಿರಾದಿಂದ ಹೊಸದಾಗಿ ಬಂದಾಗ 'ಬತ್ತೀನಿ, ಓಯ್ತೀನಿ' ಅಂದ್ರ ಓಣಿ ಹೆಂಗಸರನ್ನ ಕರೆದು ಇನ್ನೊಂದು ಸಲ ಅನ್ನಿಸಿದ್ರಿ. ನೆನಪೈತೇನು? ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ನಾನು. ನನಗ ಯಾರೂ ಕಟ್ಟಿ ಮ್ಯಾಲ ಕುಂತು ಕಲಿಸಲಿಲ್ಲ. ಕದ್ದು ಕೇಳಿ ಕಲಿತೆ. ಇರ್ಲಿ ಬಿಡ್ರಿ, ಹಳೇ ಮಾತು.

ಅಲ್ಲೇನು ನೋಡ್ತೀರಿ? ಕಟ್ಟಿ ಮ್ಯಾಲ? ಅದು... ಪ್ಯಾಂಟಿನ ಬಂಡಲ್. ಹೌದು, ಆಕೀದೇ. ಅರ್ಧ ಕತ್ತರಿಸಿ ಬಿಟ್ಟಾಳ. ಏನಾತೀಗ? ಅವಸರ ಇತ್ತು, ಬಿಟ್ಲು.

ಅತ್ತಿ. ಮಾತಾಡ್ರಿ. ಬೈಯ್ರಿ ಬೇಕಾದ್ರ. ಆ ಬಂಡಲ್ ಕಡಿ ಯಾಕ ಹಂಗ ಬೆರಳು ತೋರಸ್ತೀರಿ?

ಗೊತ್ತೈತ್ರಿ, ನನಗೂ ಗೊತ್ತೈತಿ! ಈ ಓಣ್ಯಾಗ ನಾವೆಲ್ಲಾ ದಾರ ಕತ್ತರಿಸೋರೇ. ಹಿಡಿದ ಬಂಡಲ್ ಮುಗಿಸಿ ಯೂನಿಟ್ಟಿಗೆ ಮುಟ್ಟಿಸದ ಯಾವಾಕಿನೂ ಊರು ಬಿಡಲ್ಲ. ಮೂಲಿಮನಿ ಲಲಿತಾ ಹೆರಿಗಿ ನೋವು ಬಂದಾಗೂ ಉಳಿದ ನಾಕು ಪ್ಯಾಂಟಿನ ದಾರ ಕತ್ತರಿಸಿ ಎಸೆದು ಆಸ್ಪತ್ರಿಗೆ ಹೋದಾಕಿ. ಅರ್ಧಕ್ಕ ಯಾರೂ ಏಳಲ್ಲ. ಸರಿ! ತಾನಾಗಿ ಹೋಗಲಿಲ್ಲ ಆಕಿ. ಸಾಕಾ? ಕಳಿಸಿದ್ರು.

ನಾನಲ್ಲ! ನನ್ನ ಯಾಕ ನೋಡ್ತೀರಿ? ಓಣಿ ಮಂದಿ. ಆ ಯುವರಾಜ್ ಐದಾರು ಮಂದಿ ಕಟ್ಟಿಕೊಂಡು ಬಂದ. ಫೋನಿನಾಗ ಏನೋ ವಿಡಿಯೋ ನೋಡ್ಯಾನಂತ, ಇಂಥೋರನ್ನ ಇಟ್ಟುಕೊಂಡ್ರ ಊರು ಕೆಡ್ತೈತಂತ. ಕುಡಿದು ಚರಂಡ್ಯಾಗ ಬಿದ್ದಿರೋನು, ಊರು ಉಳಿಸಾಕ ಬಂದಾನ! ಆಕಿ ಆಧಾರ್ ಕಾರ್ಡು ತಂದು ತೋರಿಸಿದ್ಲು. ಅದನ್ನ ತಲಿಕೆಳಗ ಹಿಡಕೊಂಡು ನೋಡಿ, 'ಚೀನಾದೋರೂ ಮಾಡಿಸಿಕೊಂತಾರ' ಅಂದ. ಗಂಗರಾಜುಗ ಹೇಳಿ ಕಳಿಸಿದ್ರ, ನನಗ್ಯಾಕ ಈ ಉಸಾಬರಿ ಅಂತ ಕೈ ತೊಳಕೊಂಡ. ನಿಮ್ಮ ಮಗ ಆಟೋ ತಗೊಂಡು ಗುಮ್ಮಘಟ್ಟಕ್ಕ ಹೋಗಿದ್ದ. ನಾನು ಒಬ್ಬಾಕಿ ಹೆಂಗಸು, ಏನು ಮಾಡ್ಲಿ? ಹೇಳ್ರಿ, ಏನು ಮಾಡಬೇಕಿತ್ತು?

ಇಲ್ಲಿ ನೋಡ್ರಿ, ಗುರುವಾರ ನಿಮ್ಮ ಮೊಮ್ಮಗಳು ಶ್ರಾವಣಿನ ನೋಡಾಕ ಮಡಕಶಿರಾದಿಂದ ಗಂಡಿನೋರು ಬರ್ತಾರ. ನಮ್ಮಣ್ಣ ಚಪ್ಪಲಿ ಸವೆಸಿ ತಂದ ಸಂಬಂಧ. ಅವರಿಗೇನು ಹೇಳೀವಿ ನಾವು? ಏಳು ತಲಿಮಾರಿನಿಂದ ರಾಯದುರ್ಗದೋರು ಅಂತ ಹೇಳೀವಿ. ಏಳು ತಲಿ! ಮತ್ತೇನು, ನಮ್ಮತ್ತಿ ಹತ್ತು ವರ್ಷದ ಕೂಸಿದ್ದಾಗ ರಜಾಕಾರರಿಗೆ ಹೆದರಿ ನಿಜಾಮನ ಸೀಮಿಯಿಂದ ಹೊಳಿ ದಾಟಿ ಬಂದಾಕಿ, ಹಿಂದಿಲ್ಲ ಮುಂದಿಲ್ಲ ಅನ್ನಬೇಕಿತ್ತೇನು? ಆ ಯುವರಾಜ್ ಇದೇ ಬಾಗಲದಾಗ ನಿಂತು, 'ಮಂಜುಳಮ್ಮಕ್ಕಾ, ನಿಮ್ಮನಿ ಹಿರೇರ ಕಾಗದಾನೂ ಒಂದೀಟು ನೋಡೋಣೇನು?' ಅಂದ. ನಕ್ಕೊಂತ ಅಂದ, ಭಾಡ್ಕೋವ್. ನಿಮ್ಮ ಸಲುವಾಗಿ ಹೆದರಿದೆ ಅತ್ತಿ. ಶ್ರಾವಣಿ ಸಲುವಾಗಿ. ನನ್ನ ಸಲುವಾಗೂ... ಅದನ್ನೂ ಅನ್ರಿ, ಅನ್ನಿಸಿಕೊಂತೀನಿ.

ಹ್ಞೂಂ, ನೀವು ಏನು ನೆನಸಾಕತ್ತೀರಿ ಅಂತ ನನಗ ಗೊತ್ತೈತಿ. ಸುಂಕಲಮ್ಮ. ಆಮ್ಯಾಲ ನಿಮ್ಮತ್ತಿ ಆದಾಕಿ. ಆವತ್ತು ಯಾರೋ ನಿಮ್ಮನ್ನ ಬಂಡಿಗೆ ಹತ್ತಿಸಿ ಹೊಳಿಯಾಚಿಗೆ ವಾಪಸ್ ಸಾಗಿಸಾಕ ಹೊಂಟಾಗ, ಕಂಡಿಲ್ಲ, ಕೇಳಿಲ್ಲ, ಆ ಹೆಣ್ಮಗಳು ಬಂಡಿಗೆ ಅಡ್ಡ ನಿಂತು, 'ನಮ್ಮ ಹುಡುಗಿ, ನಮ್ಮಣ್ಣನ ಮಗಳು, ಇಳಸ್ರಿ' ಅಂದ್ಲಂತ. ಹಸೀ ಸುಳ್ಳು! ಆ ಸುಳ್ಳಿನ ಮ್ಯಾಲ ನಿಂತೈತಿ ಈ ಮನಿ. ಸಾವಿರ ಸಲ ಕೇಳೀನಿ ಈ ಕಥಿ. ಎಲ್ಲಾರಿಗೂ ಸುಂಕಲಮ್ಮ ಆಗಾಕ ಆಕ್ಕತೇನ್ರಿ? ಆಕಿಗೆ ಎದಿ ಇತ್ತು, ಅಂದ್ಲು. ನನಗ ಇಲ್ಲ.

ಹೌದು. ನನ್ನೂ ಕೇಳಿದ್ರು.

ಆಟೋದಾಗ ಕೂಡ್ರಿಸಿದ ಮ್ಯಾಲ ಕೇಳಿದ್ರು. ಆ ಯುವರಾಜ್‌ಗ ನಾಕು ಮಂದಿ ಸುತ್ತ ನಿಂತ್ರ ಸಾಕು, ದೊಡ್ಡ ಆಫೀಸರ್ ಆಗಿ ತೆಲುಗು ಸುರು ಮಾಡ್ತಾನ. 'ಎವರಮ್ಮಾ ಈ ಪಿಲ್ಲ? ಮೀ ಪಿಲ್ಲೇನಾ?' ಅಂದ. ನಿಮ್ಮ ಹುಡುಗಿ ಅಂದ್ರ ಇಳಿಸಿ ಹೋಗ್ತೀವಿ ಅಂದ. ಒಂದು ಮಾತು ಕೇಳಿದ್ದು, ಒಂದೇ ಮಾತು. ನಾನೂ ತೆಲುಗಿನಾಗೇ ಅಂದೆ. ಮಾ ಪಿಲ್ಲ ಕಾದು ಅಂದೆ. ನಮ್ಮ ಹುಡುಗಿ ಅಲ್ಲ ಅಂತ ಕನ್ನಡದಾಗ ಅಂದ್ರ ಆಕಿಗೆ ತಿಳಿದುಬಿಡ್ತೈತಿ, ನೀವು ಕಲಿಸಿಬಿಟ್ಟೀರಲ್ಲ... ಅದಕ್ಕ ತೆಲುಗಿನಾಗ ಅಂದೆ. ತಿಳಿಯಲ್ಲ ಅಂದುಕೊಂಡೆ.

ತಿಳೀತು ಅತ್ತಿ. 'ಅಮ್ಮಾ' ಅಂತ ಒಂದು ಸಲ ಕರೆದ್ಲು. ನಾನು ಒಳಗ ಬಂದು ರೊಟ್ಟಿ ಬಡಿಯಾಕ ಕುಂತೆ.

ಯಾಕ ಎದ್ರಿ? ಚಾ ಆರಾಕತ್ತೈತಿ. ಎಲ್ಲಿಗೆ? ಅತ್ತಿ, ಈ ಬಿಸಿಲಾಗ ಎಲ್ಲಿಗೆ ಹೊಂಟ್ರಿ? ನಿನ್ನೆ ಹೋದಾಕಿ ಇವತ್ತು ಎಲ್ಲಿ ಸಿಗ್ತಾಳ? ಯಾವ ಊರು ಮುಟ್ಟ್ಯಾಳೋ ಏನೋ...

ಬಾಗಲದಾಗ ಯಾಕ ನಿಂತ್ರಿ? ಹೋಗೋದಾದ್ರ ಹೋಗ್ರಿ. ನನ್ನ ಯಾಕ ನೋಡ್ತೀರಿ? ಯಾಕ ಕಾಯ್ತೀರಿ?

...ನಿನ್ನೆ ಅಲ್ಲ.

ಇವತ್ತು. ಒಂದು ತಾಸಾತು ಅಷ್ಟೇ. ಬಸ್ ಸ್ಟ್ಯಾಂಡಿನಾಗ ಕೂಡ್ರಿಸಿ ಕಾವಲು ನಿಂತಾರ. ಗುಂತಕಲ್‌ಗೆ ಹತ್ತಿಸ್ತಾರಂತ, ಅಲ್ಲಿಂದ ರೈಲಿಗೆ. ಹನ್ನೊಂದರ ಬಸ್ಸು. ನೀವು ಆಟೋ ಇಳಿದಾಗ ಹತ್ತೂವರಿ. ಹನ್ನೊಂದು ಹೊಡಿಯೋಮಟ ನಿಮ್ಮನ್ನ ಮಾತಿನಾಗ ಇಟ್ಟುಕೊಂಡ್ರ ಸಾಕು, ಆಮ್ಯಾಲ ಅತ್ತು ಕರೆದು ಸುಮ್ನಾಗ್ತೀರಿ ಅಂತ... ಅದಕ್ಕ ಇಷ್ಟೊತ್ತು ಒದರಿದೆ ಅತ್ತಿ. ಸ್ವೆಟರ್ ಅಂದೆ, ಚಟ್ನಿ ಅಂದೆ, ಬಾಯಿಗೆ ಬಂದಿದ್ದೆಲ್ಲ ಅಂದೆ.

ಇನ್ನೂ ಹತ್ತು ನಿಮಿಷ ಐತಿ. ನೀವು ಹಿಂಗ ನಿಂತ್ರ ಅದೂ ಹೋಗ್ತೈತಿ. ಹೋಗ್ರಿ! ನಿಮ್ಮ ಕಾಲಿಲೆ ಅಲ್ಲೀಮಟ ಮುಟ್ಟಾಕ ಆಗಲ್ಲ, ಗೊತ್ತೈತಿ... ಏನು? ನಾನಾ? ನಾನು ಹೋಗಿ, ನಮ್ಮ ಹುಡುಗಿ ಅಂತ ಹೇಳಬೇಕಾ? ಅದೇ ಯುವರಾಜ್ ಮುಂದ, ಅಷ್ಟು ಮಂದ್ಯಾಗ... ಯಾವ ಬಾಯಿಲೆ ಹೇಳ್ಲಿ ಅತ್ತಿ?