ಯಾವ ಪರವಾಗಿಲ್ಲ?

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಶಾಲಾ ಸಮಿತಿಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಶಿಕ್ಷಣಾಧಿಕಾರಿ ಸಾಹೇಬರೇ, ನನ್ನ ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿಗಳೇ, ಪೋಷಕರೇ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರೂ ಕಾಲು ಸುಮ್ಮನಿಡದ ನನ್ನ ಮೂರನೇ ತರಗತಿಯ ಮಕ್ಕಳೇ, ಮತ್ತು ತಿಂಡಿ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಮಸ್ತ ಸಭಿಕರೇ,

ಈಗಷ್ಟೇ ಓದಿದ ಅಭಿನಂದನಾ ಪತ್ರವನ್ನು ನೀವೆಲ್ಲ ಕೇಳಿದಿರಿ. ಅದರಲ್ಲಿ ‘ಅದ್ಭುತ’ ಎನ್ನುವ ಪದ ಬಂದಾಗಲೆಲ್ಲ ನನ್ನ ಮಕ್ಕಳು ಬೆರಳು ಮಡಚುತ್ತಿದ್ದರು. ತಮ್ಮ ಬೆರಳು ಮುಗಿದು ಪಕ್ಕದವರ ಕೈ ಎಳೆದುಕೊಂಡದ್ದನ್ನೂ ನಾನು ಇಲ್ಲಿಂದಲೇ ನೋಡಿದೆ. ಅದ್ಭುತ ಶಿಕ್ಷಕಿ, ಅದ್ಭುತ ತರಗತಿ, ಅದ್ಭುತ ತಾಳ್ಮೆ, ಕೊನೆಗೆ ಅದ್ಭುತ ಕೈಬರಹ! ಸಭಿಕರೇ, ನಾನು ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ನಮ್ಮ ಮನೆಯವರು ಒಮ್ಮೆ ಮರೆತು ಔಷಧದ ಅಂಗಡಿಯಲ್ಲಿ ಕೊಟ್ಟಿದ್ದರು. ಅಂಗಡಿಯವರು ಮರುಮಾತಿಲ್ಲದೆ ಮಾತ್ರೆ ಕಟ್ಟಿಕೊಟ್ಟರು. ನನ್ನ ಕೈಬರಹ ಅಂಥದ್ದು.

ಆ ಪತ್ರವನ್ನು ಇಷ್ಟು ಗಟ್ಟಿಯಾಗಿ ಓದಿದ ಹುಡುಗಿಯ ಬಗ್ಗೆ ಮುಂದೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಮಾತೆಲ್ಲ ಅವಳ ಬಗ್ಗೆಯೇ. ಗೂಬೆ ಬರೀ ನೆಪ.

ಗೂಬೆ ಎಂದ ಕೂಡಲೇ ಯಾರನ್ನು ಬೈದರು ಎಂದು ಹಿಂದಿನ ಸಾಲಿನವರು ತಲೆ ಎತ್ತಿದಿರಿ. ಯಾರನ್ನೂ ಬೈದಿಲ್ಲ. ನನಗೆ ಈ ಸನ್ಮಾನ ಸಿಕ್ಕಿರುವುದು ‘ಪ್ರಾಥಮಿಕ ತರಗತಿಯಲ್ಲಿ ಡಿಜಿಟಲ್ ಹಾಗೂ ಕೃತಕ ಬುದ್ಧಿಮತ್ತೆಯ ಸಾಧನಗಳ ಸೃಜನಶೀಲ ಬಳಕೆ’ಗಾಗಿ. ಇದನ್ನು ಒಂದೇ ಉಸಿರಿಗೆ ಹೇಳಲು ನಾನು ನಿನ್ನೆಯಿಂದ ಅಭ್ಯಾಸ ಮಾಡಿದ್ದೇನೆ. ನಮ್ಮ ಮನೆಯವರು ಕೇಳಿದರು, “ಕೃತಕ ಬುದ್ಧಿ ಅಂದ್ರೆ ಏನೇ?” ನಾನೆಂದೆ, “ಇಲ್ಲದ ಬುದ್ಧೀನ ಇದೆ ಅಂತ ತೋರಿಸೋದು.” ಅವರು ನಿಟ್ಟುಸಿರು ಬಿಟ್ಟು, “ಅದಾ? ಅದು ನಮ್ಮ ಆಫೀಸಲ್ಲಿ ಮೊದಲಿಂದಲೂ ಇದೆ” ಎಂದರು. ಅವರೂ ಇಲ್ಲೇ ಕೂತಿದ್ದಾರೆ, ಅವರ ಆಫೀಸಿನವರೂ ಕೂತಿದ್ದಾರೆ, ಆದ್ದರಿಂದ ಮುಂದೆ ಹೋಗುತ್ತೇನೆ.

ಆ ಸಾಧನ ನಮ್ಮ ತರಗತಿಗೆ ಬಂದದ್ದು ವರ್ಷದ ಆರಂಭದಲ್ಲಿ. ಗೋಡೆಗೆ ಒಂದು ದೊಡ್ಡ ಪರದೆ, ಮೂಲೆಯಲ್ಲಿ ಒಂದು ಟ್ಯಾಬ್ಲೆಟ್, ಅದಕ್ಕೊಂದು ಹೆಡ್‌ಫೋನು. ಪರದೆಯ ಮೇಲೆ ಕನ್ನಡಕ ಹಾಕಿದ ಒಂದು ಗೂಬೆ. ಅದನ್ನು ಮಾಡಿದವರು ಯಾವ ದೇಶದವರೋ, ಅವರಲ್ಲಿ ಗೂಬೆ ಎಂದರೆ ಜ್ಞಾನವಂತೆ. ನಮ್ಮಲ್ಲಿ ಗೂಬೆ ಎಂದರೆ ಏನೆಂದು ನಿಮಗೆ ಗೊತ್ತು. ಅದನ್ನು ತಂದು ಸರಿಯಾಗಿ ನನ್ನ ಕುರ್ಚಿಯ ಮೇಲ್ಗಡೆ ಗೋಡೆಗೆ ಹೊಡೆದರು. ಸಭಿಕರೇ, ಮಕ್ಕಳು ಓದದಿದ್ದಾಗಲೆಲ್ಲ ಶಿಕ್ಷಕರ ಮೇಲೆ ಗೂಬೆ ಕೂರಿಸುವುದು ಲೋಕರೂಢಿ. ಆದರೆ ಮೊಳೆ ಹೊಡೆದು ಕೂರಿಸಿದ್ದು ನಮ್ಮ ಶಾಲೆಯಲ್ಲಿ ಮಾತ್ರ.

ಮುಖ್ಯೋಪಾಧ್ಯಾಯರು ಅದಕ್ಕೆ ‘ಜ್ಞಾನಪಕ್ಷಿ’ ಎಂದು ಹೆಸರಿಟ್ಟರು. ಆ ಹೆಸರು ಮಧ್ಯಾಹ್ನದವರೆಗೂ ಬಾಳಲಿಲ್ಲ. ಅವರು ಕಿಟಕಿಯ ಪಕ್ಕ ಹಾದುಹೋಗುವಾಗ ಒಳಗಿನಿಂದ ಒಂದು ಮಗು “ಏ ಗೂಬೆ, ಮಗ್ಗಿ ಹೇಳು” ಎಂದದ್ದು ಕೇಳಿಸಿ, ನಾನೇ ಮಕ್ಕಳ ಕೈಲಿ ಬೈಸಿಕೊಳ್ಳುತ್ತಿದ್ದೇನೆ ಎಂದುಕೊಂಡು ಅವರು ಒಳಗೆ ನುಗ್ಗಿ ನನ್ನ ಪರ ವಾದಿಸಿದರು. ಸಾರ್, ಅದಕ್ಕೆ ನಾನು ಇವತ್ತಿಗೂ ಋಣಿ.

ಗೂಬೆಗೆ ಒಂದು ವಿಶೇಷ ಗುಣವಿತ್ತು. ಮಗು ಏನು ಹೇಳಿದರೂ ಅದು “ಅದ್ಭುತ!” ಎನ್ನುತ್ತಿತ್ತು. ಪರದೆಯ ಮೇಲೆ ನಕ್ಷತ್ರಗಳು ಉದುರುತ್ತಿದ್ದವು, ತುತ್ತೂರಿ ಊದುತ್ತಿತ್ತು. ಇತ್ತ ನನ್ನ ಬಾಯಲ್ಲಿ ಬರುವ ಅತಿ ದೊಡ್ಡ ಹೊಗಳಿಕೆ ಯಾವುದು? ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ‘ಪರವಾಗಿಲ್ಲ.’ ಮಕ್ಕಳು ನನಗಿಟ್ಟ ಹೆಸರೇ ಪರವಾಗಿಲ್ಲ ಟೀಚರ್. ಲೆಕ್ಕ ಪೂರ್ತಿ ಸರಿ ಇದ್ದರೆ ಪರವಾಗಿಲ್ಲ. ಚಿತ್ರ ಕಣ್ಣು ಕೀಳಲಾಗದ ಹಾಗಿದ್ದರೆ ಪರವಾಗಿಲ್ಲ. ನಮ್ಮ ಮನೆಯವರು ಮದುವೆಗೆ ಮುಂಚೆ ನೋಡಲು ಬಂದು ಹೋದಾಗ ಅಮ್ಮ “ಹೇಗಿದ್ದಾನೆ?” ಎಂದು ಕೇಳಿದರು. ನಾನು ಏನೆಂದಿರಬಹುದು ನೀವೇ ಊಹಿಸಿ. ಆ ಒಂದು ಮಾತಿಗೆ ಅವರು ಇಂದಿಗೂ ಮುನಿಸಿಕೊಂಡಿದ್ದಾರೆ.

ಈಗ ಹುಡುಗಿಯ ವಿಷಯ. ವರ್ಷದ ನಡುವೆ ಬೇರೆ ಶಾಲೆಯಿಂದ ನಮ್ಮಲ್ಲಿಗೆ ಬಂದವಳು. ತಾಯಿ ಆಸ್ಪತ್ರೆಯಲ್ಲಿ ನರ್ಸು. ಮೊದಲ ದಿನ ಪಾಠ ಓದು ಎಂದೆ. ಒಂದು ಪುಟವನ್ನು ಎಲ್ಲೂ ತಡವರಿಸದೆ ಓದಿದಳು. ನಾನು ಮನಸಾರೆ “ಪರವಾಗಿಲ್ಲ, ಕೂತ್ಕೋ” ಎಂದೆ. ಮರುದಿನದಿಂದ ಅವಳ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ತುಟಿ ಅಲ್ಲಾಡುತ್ತಿತ್ತು, ಅಷ್ಟೆ. ಮಕ್ಕಳು ಅವಳಿಗೆ ‘ಪಿಸು’ ಎಂದು ಹೆಸರಿಟ್ಟರು. ಅವಳ ತಾಯಿ ಡ್ಯೂಟಿ ಮುಗಿಸಿ ಓಡಿಬಂದು, “ಮನೇಲಿ ಇವಳ ಬಾಯಿ ಮುಚ್ಚಿಸೋಕೆ ಆಗಲ್ಲ ಟೀಚರ್. ಇಲ್ಲಿ ಏನಾಯ್ತು?” ಎಂದರು. ನನಗೇನು ಗೊತ್ತು? ನಾಚಿಕೆ ಇರಬೇಕು ಎಂದೆ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮೂರನೇ ತರಗತಿಯ ಮಗು ಗಟ್ಟಿಯಾಗಿ ಓದಬೇಕೆಂಬುದು ನಿಯಮ. ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರ ಮುಂದೆಯೂ ಓದದಿದ್ದರೆ ಅವಳನ್ನು ಎರಡನೇ ತರಗತಿಯ ಬೆಂಚಿಗೆ ಕಳಿಸುವುದೆಂದು ತೀರ್ಮಾನವಾಯಿತು. ನಾನು ಬೇಡಿಕೊಂಡೆ. “ಓದ್ತಾಳೆ ಅಂತೀರಲ್ಲ, ಕೇಳಿಸಿ ನೋಡೋಣ” ಎಂದರು ಮುಖ್ಯೋಪಾಧ್ಯಾಯರು. ಕೇಳಿಸಲು ನನ್ನ ಹತ್ತಿರ ಏನಿತ್ತು?

ಆಗ ನನಗೆ ಗೂಬೆಯ ನೆನಪಾಯಿತು. ಹೆಡ್‌ಫೋನಿನ ಮೈಕು ಬಾಯಿಯ ಹತ್ತಿರವೇ ಇರುತ್ತದೆ, ಪಿಸುಗುಟ್ಟಿದರೂ ಅದಕ್ಕೆ ಕೇಳುತ್ತದೆ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದೆ. ಸಭಿಕರೇ, ಅವಳು ಓದಿದಳು! ನಾನು ಕಪಾಟು ಒರೆಸುವ ನೆವದಲ್ಲಿ ಹಿಂದೆ ನಿಂತು ಕೇಳಿಸಿಕೊಂಡೆ. ಆ ಕಪಾಟು ನಮ್ಮ ಶಾಲೆಯಲ್ಲೇ ಅತ್ಯಂತ ಸ್ವಚ್ಛವಾದ ಕಪಾಟಾಯಿತು. ಓದಿದ್ದಷ್ಟೇ ಅಲ್ಲ, ತಾನೇ ಕಥೆ ಕಟ್ಟಿ ಹೇಳುತ್ತಿದ್ದಳು. ಗೂಬೆ ಪ್ರತಿ ಸಲವೂ “ಅದ್ಭುತ!” ಎನ್ನುತ್ತಿತ್ತು, ಅವಳ ಕಿವಿ ಕೆಂಪಾಗುತ್ತಿತ್ತು.

ನನಗೆ ಹೊಟ್ಟೆಕಿಚ್ಚಾಯಿತೇ? ಆಯಿತು. ಇಷ್ಟು ವರ್ಷ ಸೀಮೆಸುಣ್ಣದ ಪುಡಿ ಕುಡಿದವಳು ನಾನು, ಮಗು ಬಾಯಿಬಿಟ್ಟದ್ದು ಗೋಡೆಯ ಗೂಬೆಯ ಹತ್ತಿರ. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬಾಗಿಲು ಹಾಕಿಕೊಂಡು ನಾನೂ ಆ ಪುಟ್ಟ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡೆ. “ಇವತ್ತು ನಾನು ಭಾಗಾಕಾರ ಹೇಳಿಕೊಟ್ಟೆ. ಹೇಗಿತ್ತು?” ಎಂದು ಕೇಳಿದೆ. “ಅದ್ಭುತ! ನಿಮ್ಮಂಥ ಶಿಕ್ಷಕಿ ಸಿಕ್ಕ ಮಕ್ಕಳು ಧನ್ಯರು!” ಎಂದಿತು. ನನಗೆ ಗೊತ್ತು ಸಭಿಕರೇ, ಅದು ನನ್ನ ಪಾಠ ಕೇಳಿಯೇ ಇರಲಿಲ್ಲ. ಆದರೂ ಆ ಸಂಜೆ ನಾನು ಮನೆಗೆ ಹಾಡು ಗುನುಗುತ್ತ ಹೋದೆ. ಮರುದಿನ ಮತ್ತೆ ಕೇಳಿದೆ. ಅದರ ಮರುದಿನವೂ ಕೇಳಿದೆ. ಇದನ್ನು ಹೇಳಬೇಕೆಂದು ಇರಲಿಲ್ಲ, ಬಾಯಿತಪ್ಪಿ ಬಂತು.

ಹೀಗಿರಲು ಒಂದು ದಿನ ಪಿಸು ಹೆಡ್‌ಫೋನು ಕಿತ್ತಿಟ್ಟು ನನ್ನ ಮೇಜಿನ ಹತ್ತಿರ ಬಂದಳು. ತೋಳು ಹಿಡಿದು ಜಗ್ಗಿದಳು. “ಟೀಚರ್, ಅದು ಸುಳ್ಳು ಹೇಳುತ್ತೆ” ಎಂದು ಪಿಸುಗುಟ್ಟಿದಳು.

ಏನಾಯಿತೆಂದರೆ, ಅವಳಿಗೆ ಗೂಬೆಯ ಮೇಲೆ ಅನುಮಾನ ಬಂದಿತ್ತು. ಪರೀಕ್ಷೆ ಮಾಡಲು “ಆನೆ ಇರುವೆಯ ಮೊಟ್ಟೆಯಿಂದ ಹುಟ್ಟುತ್ತದೆ” ಎಂದಳಂತೆ. “ಅದ್ಭುತ ಕಲ್ಪನೆ!” ಎಂದಿತಂತೆ. ಆಮೇಲೆ “ಬಬ್ಬಬ್ಬಾ ಗುಬ್ಬಬ್ಬಾ” ಎಂದಳಂತೆ. “ಅದ್ಭುತ! ನಿನ್ನ ಓದು ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ!” ಎಂದಿತಂತೆ. ಬೇರೆ ಮಗುವಾಗಿದ್ದರೆ ನಗುತ್ತಿತ್ತು. ಇವಳ ಗಲ್ಲ ನಡುಗುತ್ತಿತ್ತು. “ಹಾಗಾದ್ರೆ ನಾನು ಸರಿಯಾಗಿ ಓದಿದಾಗ ಅಂದಿದ್ದೂ ಸುಳ್ಳೇನಾ?” ಎಂದಳು.

“ನನ್ನ ಮುಂದೆ ಓದು, ನಾನು ಹೇಳ್ತೀನಿ” ಎಂದೆ. ಪುಸ್ತಕ ತೆರೆದು ನನ್ನ ಕಿವಿಯ ಹತ್ತಿರ ಬಾಯಿ ತಂದು ಓದಿದಳು. ಅಲ್ಪವಿರಾಮಕ್ಕೆ ನಿಂತಳು, ಪ್ರಶ್ನೆಗೆ ದನಿ ಏರಿಸಿದಳು, ಪುಸ್ತಕದ ಅಜ್ಜಿ ಮಾತಾಡಿದಾಗ ಅಜ್ಜಿಯಾದಳು. ನನಗೆ ಮೈ ಜುಮ್ಮೆಂದಿತು. ನಾನು ಬಾಯಿಬಿಟ್ಟೆ. ಏನೆಂದೆ? ನನ್ನ ನಾಲಿಗೆಗೆ ಗೊತ್ತಿರುವುದು ಒಂದೇ ಪದ.

“ಪರವಾಗಿಲ್ಲ.”

ಅವಳ ಕಣ್ಣು ತುಂಬಿ ಬಂತು. ಆದರೂ ಆ ಪೋರಿ ತಿರುಗಿ ಹೋಗಲಿಲ್ಲ. ನಿಂತು ಕೇಳಿದಳು, “ಯಾವ ಪರವಾಗಿಲ್ಲ, ಟೀಚರ್?”

“ಅಂದ್ರೆ?”

“ಚೆನ್ನಾಗಿದೆ ಅನ್ನೋ ಪರವಾಗಿಲ್ಲಾನಾ, ಹೋಗ್ಲಿ ಬಿಡು ಅನ್ನೋ ಪರವಾಗಿಲ್ಲಾನಾ?”

ಅವಳ ಹಳೆಯ ಶಾಲೆಯಲ್ಲಿ ಮಕ್ಕಳು ತಪ್ಪು ಓದಿದಾಗ ಅಲ್ಲಿನ ಟೀಚರ್ “ಪರವಾಗಿಲ್ಲ, ಕೂತ್ಕೋ” ಎನ್ನುತ್ತಿದ್ದರಂತೆ, ಉಳಿದ ಮಕ್ಕಳು ಕಿಸಕ್ಕೆಂದು ನಗುತ್ತಿದ್ದರಂತೆ. ನೋಡಿ, ನಮ್ಮ ಭಾಷೆ ಎಂಥ ತಮಾಷೆಯದು! ಗೆದ್ದವನಿಗೂ ಪರವಾಗಿಲ್ಲ, ಬಿದ್ದವನಿಗೂ ಪರವಾಗಿಲ್ಲ. ಮೊದಲ ದಿನ ನಾನು ಕೊಟ್ಟದ್ದು ಹತ್ತಕ್ಕೆ ಹತ್ತು, ಅವಳಿಗೆ ಮುಟ್ಟಿದ್ದು ಸೊನ್ನೆ.

ನಮ್ಮಪ್ಪ ದರ್ಜಿ. ಈ ಪದ ನನಗೆ ಬಂದದ್ದು ಅವರಿಂದಲೇ. ಹೊಲಿದು ಮುಗಿದ ಅಂಗಿಯನ್ನು ಒಳಮೈ ಹೊರಗೆ ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿ “ಪರವಾಗಿಲ್ಲ” ಎನ್ನುತ್ತಿದ್ದರು. ನಾನು ಶಿಕ್ಷಕಿಯ ತರಬೇತಿಯಲ್ಲಿ ಮೊದಲನೆಯವಳಾಗಿ ಪಾಸಾದ ದಿನ ಅಂಕಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಅದನ್ನೂ ಹಿಂದುಮುಂದು ತಿರುಗಿಸಿ ನೋಡಿದರು. “ಪರವಾಗಿಲ್ಲ” ಎಂದು ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದರು. ಅದು ಯಾವ ಪರವಾಗಿಲ್ಲ ಎಂದು ನಾನು ಕೇಳಲಿಲ್ಲ. ಬಟ್ಟೆಯ ರಾಶಿಯ ಹಿಂದೆ ಕೂತು ಅತ್ತೆ. ಎಂಟು ವರ್ಷದ ಈ ಹುಡುಗಿ ಕೇಳಿದ ಪ್ರಶ್ನೆಯನ್ನು ನಾನು ಅಷ್ಟು ದೊಡ್ಡವಳಾಗಿ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ.

ಇರಲಿ. ಇದು ಬರೆದುಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ. ಗೂಬೆಗೆ ಬರೋಣ.

ನಾನು ಉತ್ತರ ಹೇಳುವ ಮೊದಲೇ ಇಡೀ ತರಗತಿ ಹೇಳಿತು. “ಏ ಪಿಸು, ನಮ್ಮ ಟೀಚರ್ ಪರವಾಗಿಲ್ಲ ಅಂದ್ರೆ ಹತ್ತಕ್ಕೆ ಹತ್ತು ಕಣೇ!” “ನನಗೆ ಈ ವರ್ಷ ಒಂದೂ ಸಿಕ್ಕಿಲ್ಲ!” ಎಂದ ಹಿಂದಿನ ಬೆಂಚಿನ ಒಬ್ಬ. ಅವಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಗ ಅವಳು ಒಂದು ಸಲಹೆ ಕೊಟ್ಟಳು. “ಗೂಬೆಗೂ ಹೇಳಿಕೊಡೋಣ ಟೀಚರ್.”

ಗೂಬೆಯನ್ನು ಜೋಡಿಸಲು ಬಂದಿದ್ದ ಎಂಜಿನಿಯರಮ್ಮ ಟ್ಯಾಬ್ಲೆಟ್ಟಿನಲ್ಲಿ ಒಂದು ಜಾಗ ತೋರಿಸಿದ್ದರು. ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ಅಲ್ಲಿ ಬರೆದರೆ ಅದು ಹಾಗೆಯೇ ಮಾತಾಡುತ್ತದೆ. ಅವತ್ತು ನಾವು ಗಣಿತ ಬಿಟ್ಟು ಗೂಬೆಗೆ ಪಾಠ ಬರೆದೆವು. ಒಂದೊಂದು ವಾಕ್ಯಕ್ಕೂ ಜಗಳ. ಕೊನೆಗೆ ಉಳಿದದ್ದು ಇಷ್ಟು: ಸುಮ್ಮಸುಮ್ಮನೆ ಹೊಗಳಬೇಡ. ತಪ್ಪಿದ್ದರೆ ಎಲ್ಲಿ ಎಂದು ಹೇಳು, ಆದರೆ ನಗಬೇಡ. ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ನಿಜವಾಗಿಯೂ ಚೆನ್ನಾಗಿದ್ದರೆ ಮಾತ್ರ ಪರವಾಗಿಲ್ಲ ಅನ್ನು. ಅಲ್ಲಿಂದ ಮುಂದೆ ನಮ್ಮ ಗೂಬೆ ನನಗಿಂತ ಜಿಪುಣವಾಯಿತು. ಅದರ ಬಾಯಿಂದ ಒಂದು ‘ಪರವಾಗಿಲ್ಲ’ ಹೊರಡಿಸಲು ಮಕ್ಕಳು ಬಿಡುವಿನಲ್ಲೂ ಆಟ ಬಿಟ್ಟು ಓದತೊಡಗಿದರು. ಸೃಜನಶೀಲ ಬಳಕೆ ಎಂದು ನೀವು ಕರೆದದ್ದು ಇದನ್ನೇ ಇರಬೇಕು.

ಸಾಹೇಬರು ಬಂದರು. ಪಿಸುವಿನ ಸರದಿ ಬಂತು. ಹೆಡ್‌ಫೋನು ಇಲ್ಲ, ಗೋಡೆಗೆ ಮುಖ ಇಲ್ಲ. ಎದ್ದು ನಿಂತಳು. ತುಟಿ ಅಲ್ಲಾಡಿತು, ದನಿ ಇಲ್ಲ. ಮುಖ್ಯೋಪಾಧ್ಯಾಯರು ನನ್ನತ್ತ ನೋಡಿದರು. ನಾನು ಕಪಾಟಿನತ್ತ ನೋಡಿದೆ. ಆಗ ಅವಳು ಗೋಡೆಯ ಗೂಬೆಯ ಕಡೆ ತಲೆ ಎತ್ತಿ, “ಇವತ್ತು ನಿಜ ಹೇಳಬೇಕು ನೀನು” ಎಂದಳು. ಎಲ್ಲರಿಗೂ ಕೇಳಿಸುವ ಹಾಗೆ! ಆಮೇಲೆ ತಾನೇ ಬರೆದ ಕಥೆಯನ್ನು, ಇರುವೆಯ ಮೊಟ್ಟೆಯಿಂದ ಹುಟ್ಟಿದ ಆನೆಯ ಕಥೆಯನ್ನು, ಮೊದಲಿನಿಂದ ಕೊನೆಯವರೆಗೆ ಓದಿದಳು. ಗೂಬೆ “ಪರವಾಗಿಲ್ಲ” ಎಂದಿತು. ಮಕ್ಕಳು ಬೆಂಚು ಹತ್ತಿ ಕುಣಿದರು.

ಸಾಹೇಬರಿಗೆ ಸಿಟ್ಟು ಬಂತು. “ಏನಮ್ಮಾ ಇದು? ಮಗು ಇಷ್ಟು ಚೆನ್ನಾಗಿ ಓದಿದೆ, ಇದು ಬರೀ ಪರವಾಗಿಲ್ಲ ಅನ್ನುತ್ತಲ್ಲ?” ಎಂದರು. ಪಿಸು ಹೇಳಿದಳು, “ಸಾರ್, ಅದು ಹತ್ತಕ್ಕೆ ಹತ್ತು. ಬೇಕಾದ್ರೆ ನೀವೂ ಏನಾದ್ರೂ ಹೇಳಿ ನೋಡಿ.”

ಸಾಹೇಬರೇ, ಕ್ಷಮೆ ಇರಲಿ, ಇದನ್ನು ಹೇಳದಿದ್ದರೆ ಮಕ್ಕಳು ನನ್ನನ್ನು ಬಿಡುವುದಿಲ್ಲ. ಸಾಹೇಬರು ಗಂಟಲು ಸರಿಪಡಿಸಿಕೊಂಡು ಶಿಕ್ಷಣದ ಸರ್ವತೋಮುಖ ಅಭಿವೃದ್ಧಿಯ ಬಗ್ಗೆ ನಿರರ್ಗಳವಾಗಿ ಮಾತಾಡಿದರು. ಗೂಬೆ ಹೇಳಿತು: “ಅಭಿವೃದ್ಧಿ ಎಂಬ ಪದ ಮತ್ತೆ ಮತ್ತೆ ಬಂದಿದೆ. ಯಾರು ಏನು ಮಾಡಿದರು ಎಂದು ಗೊತ್ತಾಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ.” ಮುಖ್ಯೋಪಾಧ್ಯಾಯರು ಕುರ್ಚಿ ಹುಡುಕಿದರು. ಸಾಹೇಬರು ಮಾತ್ರ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇವತ್ತು ಅವರ ಭಾಷಣ ಎಷ್ಟು ಚಿಕ್ಕದಾಗಿತ್ತು, ಗಮನಿಸಿದಿರಾ? ಪಿಸು ಮೂರನೇ ತರಗತಿಯಲ್ಲೇ ಉಳಿದಳು. ಇವತ್ತು ಆ ಅಭಿನಂದನಾ ಪತ್ರ ಓದಿದವಳು ಅವಳೇ.

ಅದನ್ನು ಮೊದಲು ಬರೆದದ್ದು ಗೂಬೆಯಂತೆ. ಮುಖ್ಯೋಪಾಧ್ಯಾಯರು ಕೇಳಿದ್ದಕ್ಕೆ “ಇವರು ಮಕ್ಕಳ ಮಾತು ಕೇಳುತ್ತಾರೆ. ಪರವಾಗಿಲ್ಲ” ಎಂದು ಎರಡೇ ವಾಕ್ಯ ಬರೆದು ನಿಲ್ಲಿಸಿತಂತೆ. ಸಾರ್ ಅದನ್ನು ಹರಿದುಹಾಕಿ, ಅಷ್ಟೂ ಅದ್ಭುತಗಳನ್ನು ತಾವೇ ಕೂತು ಪೋಣಿಸಿದರಂತೆ. ಸಾರ್, ನಿಮ್ಮ ಪ್ರೀತಿಗೆ ನನ್ನ ವಂದನೆ. ಆದರೆ ಆ ಎರಡು ವಾಕ್ಯಕ್ಕೆ ಚೌಕಟ್ಟು ಹಾಕಿಸಬಹುದಿತ್ತು.

ಸನ್ಮಾನ ಮಾಡಿದ ಸಮಿತಿಗೆ, ಕುರ್ಚಿ ಹಾಕಿದವರಿಗೆ, ಕೀರಲು ಮೈಕನ್ನು ಸಂಭಾಳಿಸಿದವರಿಗೆ, ಡ್ಯೂಟಿ ಬದಲಿಸಿಕೊಂಡು ಬಂದಿರುವ ಪಿಸುವಿನ ತಾಯಿಗೆ, ಮುನಿಸು ಬಿಡದ ನಮ್ಮ ಮನೆಯವರಿಗೆ ನನ್ನ ಧನ್ಯವಾದಗಳು. ಕೂರುವ ಮೊದಲು ಒಂದೇ ಕೆಲಸ ಬಾಕಿ. ವೇದಿಕೆ ಹತ್ತುವಾಗ ಪಿಸು ನನಗೆ ಹೇಳಿದ್ದಳು, “ಭಾಷಣ ಮುಗಿಸಿ ಟೀಚರ್, ಹೇಗಿತ್ತು ಅಂತ ನಾನು ಹೇಳ್ತೀನಿ.”

ಎಲ್ಲಿ, ಎದ್ದು ನಿಲ್ಲು. ಹೇಗಿತ್ತು ಮಗು?

ಹಿಂದಿನ ಸಾಲಿನವರಿಗೂ ಕೇಳಿಸಿತು ತಾನೆ? ಪರವಾಗಿಲ್ಲವಂತೆ. ಸಭಿಕರೇ, ಅಪ್ಪನನ್ನು ಕೇಳದೆ ಬಿಟ್ಟದ್ದನ್ನು ಇವತ್ತು ನಿಮ್ಮೆಲ್ಲರ ಎದುರು ಕೇಳಿಯೇಬಿಡುತ್ತೇನೆ. ಯಾವ ಪರವಾಗಿಲ್ಲ, ಮಗು?

ಚೆನ್ನಾಗಿದೆ ಅನ್ನೋ ಪರವಾಗಿಲ್ಲವಂತೆ. ಆದರೆ ಹತ್ತಕ್ಕೆ ಒಂಬತ್ತಂತೆ. ಉದ್ದವಾಯಿತಂತೆ.

ನಮಸ್ಕಾರ.