ಬೇಡ ಅನ್ನಲಾರದ ಅಂಬಿಗ ಸಣ್ಣಯ್ಯ

ಹೂಂ ಅನ್ನೋರು ಯಾರಪ್ಪಾ ಇವತ್ತು? ನೀನಾ? ಸರಿ, ಜೋರಾಗಿ ಅನ್ನು. ಹೂಂಗುಟ್ಟೋರಿದ್ದರೆ ಕಥೆ ನಡೆಯುತ್ತೆ, ಇಲ್ಲದಿದ್ದರೆ ಹೇಳೋನೇ ತೂಕಡಿಸ್ತಾನೆ.

ಒಂದಾನೊಂದು ಊರು. ಹೆಸರು ಕೇಳಬೇಡಿ, ಕೇಳಿದಾಗೆಲ್ಲ ಒಂದೊಂದು ಹೇಳ್ತೀನಿ. ಊರ ಮುಂದೆ ಹೊಳೆ. ಹೊಳೆಯಾಚೆ ಇನ್ನೊಂದು ಊರು. ಎರಡೂರಿಗೂ ಸೇರಿ ಒಂದೇ ಹರಿಗೋಲು, ಒಬ್ಬನೇ ಅಂಬಿಗ. ಅವನ ಹೆಸರು ಸಣ್ಣಯ್ಯ. ಹುಟ್ಟಿದಾಗ ಸಣ್ಣಗಿದ್ದ, ಹಾಗಂತ ಹೆಸರಿಟ್ಟರು. ಹೆಸರು ಅಲ್ಲೇ ನಿಂತಿತು, ಸಣ್ಣಯ್ಯ ಮಾತ್ರ ಬೆಳೆದ.

ಹೇಗೆ ಬೆಳೆದ? ಕೇಳಿ. ಅವನಿಗೆ ಹಸಿವು ಜಾಸ್ತಿಯಾ? ಇಲ್ಲ. ನಾಲಿಗೆ ಚಪಲವಾ? ಅದೂ ಇಲ್ಲ. ಅವನಿಗೆ ಒಂದು ಮಾತು ಬರ್ತಿರಲಿಲ್ಲ, ಅಷ್ಟೇ. 'ಬೇಡ' ಅನ್ನೋ ಮಾತು. ಹೊಳೆ ದಾಟಿದ ಮುದುಕಿ ಕಜ್ಜಾಯ ಕೊಟ್ಟಳು, ತಿಂದ. ಮದುವೆ ದಿಬ್ಬಣದವರು ಲಾಡು ಕೊಟ್ಟರು, ತಿಂದ. ತಿಥಿ ಮನೆಯವರು ವಡೆ ಕೊಟ್ಟರು, ಅದನ್ನೂ ತಿಂದ. ಬೇಡ ಅಂದ್ರೆ ಪಾಪ, ಅವರ ಮನಸ್ಸಿಗೆ ಏನನ್ನಿಸುತ್ತೋ! ಹರಿಗೋಲಿಗೆ ಮೊದಲು ಆರು ಜನ ಹತ್ತುತ್ತಿದ್ದರು. ಆಮೇಲೆ ಮೂರು. ಆಮೇಲೆ ಒಬ್ಬರು, ಅದೂ ಉಸಿರು ಬಿಗಿಹಿಡಿದು ಕೂರಬೇಕು.

ಈ ಸಣ್ಣಯ್ಯನಿಗೆ ಒಬ್ಬಳೇ ಮಗಳು, ಚಲುವಿ. ಹೊಳೆಯಾಚೆ ಊರಿಗೆ ಕೊಟ್ಟಿದ್ದ. ಅವಳು ಬಸುರಿಯಾದಳು, ಸೀಮಂತ ಆಯ್ತು. ಮೊದಲ ಹೆರಿಗೆ ತವರಲ್ಲಿ ಆಗಬೇಕಲ್ಲ? ಕರ್ಕೊಂಡು ಬರೋಕೆ ಹೊರಟ. ಬೇಗ ಕರೆತರಬೇಕು, ಮುಂಗಾರು ಹಿಡಿದರೆ ಹೊಳೆ ತುಂಬುತ್ತೆ, ಆಮೇಲೆ ಮಗಳು ಆಚೆ, ಅವ್ವ ಈಚೆ. ಬೇರೆ ಯಾರಾದರೂ ಹುಟ್ಟು ಹಾಕಬಾರದಾ ಅಂತೀರಾ? ಆ ಹೊಳೆಯ ಸುಳಿ ಗೊತ್ತಿದ್ದವನು ಅವನೊಬ್ಬನೇ ಕಣ್ರಪ್ಪಾ.

ಬೀಗ್ತಿ ದೊಡ್ಡತಾಯಮ್ಮನ ಕೈ ದೊಡ್ಡದು, ಮನಸ್ಸೂ ದೊಡ್ಡದು, ಸೌಟು ಎಲ್ಲಕ್ಕಿಂತ ದೊಡ್ಡದು. ಎಲೆ ತುಂಬ ಬಡಿಸಿದಳು, ಬೀಗ ಎಲೆ ಖಾಲಿ ಮಾಡಿದ. ಹೊರಡುವಾಗ ಎರಡು ಬುಟ್ಟಿ ಕಜ್ಜಾಯ, ಒಂದು ಬುಟ್ಟಿ ಎಳ್ಳಿನ ಚಿಗಳಿ ಉಂಡೆ ಹೊರಿಸಿದಳು. ಹರಿಗೋಲಲ್ಲಿ ಬುಟ್ಟಿ ಕೂತವು, ಸಣ್ಣಯ್ಯ ಕೂತ, ಮಗಳು ಕಾಲಿಟ್ಟಳು. ಬುಳುಬುಳು ಅಂತ ನೀರು ಒಳಗೆ ಬಂತು!

"ಇಳಿಯವ್ವಾ, ಇಳಿ" ಅಂದ ಸಣ್ಣಯ್ಯ. ಮಗಳನ್ನ ಇಳಿಸಿದ. ಬುಟ್ಟಿ ಇಳಿಸಲಿಲ್ಲ. ಬೀಗ್ತಿ ದಡದಲ್ಲೇ ನಿಂತು ನೋಡ್ತಿದ್ದಳಲ್ಲ, ಬುಟ್ಟಿ ಇಳಿಸಿದರೆ ಅವಳಿಗೆ ಏನನ್ನಿಸುತ್ತೋ!

ಮನೆಗೆ ಬಂದರೆ ಹೆಂಡತಿ ಹೊನ್ನಮ್ಮ ಹಣೆ ಬಡ್ಕೊಂಡಳು. "ಚಲುವಿ ಅಪ್ಪಾ, ಮಗಳನ್ನ ಕರ್ಕೊಂಡು ಬಾ ಅಂದ್ರೆ ಕಜ್ಜಾಯ ಕರ್ಕೊಂಡು ಬಂದೆಯಲ್ಲ! ನಡಿ, ಪಂಡಿತನ ಹತ್ರ ಹೋಗು. ಮೈ ಇಳಿಸ್ಕೋ."

ಆ ಊರ ಪಂಡಿತನದು ಮಾತು ಕಮ್ಮಿ. ಒಂದು ಮಾತಾಡಿದರೆ ಇನ್ನೊಂದಕ್ಕೆ ಸಂಜೆ ತನಕ ಕಾಯಬೇಕು. ಸಣ್ಣಯ್ಯನನ್ನ ಮೇಲಿಂದ ಕೆಳಗೆ ನೋಡಿದ. "ಊಟ ಬಿಡು" ಅಂದ. ಒಳಗೆ ಹೋದ.

ಸಣ್ಣಯ್ಯ ಊಟ ಬಿಟ್ಟ. ಆಣೆ ಮಾಡಿ ಹೇಳ್ತೀನಿ, ಬಿಟ್ಟ. ಮುದ್ದೆ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ಬರೀ ತಿಂಡಿ. ದೋಸೆ, ಕಡುಬು, ಅವಲಕ್ಕಿ. ನಗ್ತೀರಾ? ತಿಂಡಿ ಊಟವಾ, ನೀವೇ ಹೇಳಿ! ಎಂಟು ದೋಸೆ ತಿಂದು ಕೂತವನನ್ನ "ಊಟ ಆಯ್ತಾ?" ಅಂತ ಕೇಳಿ ನೋಡಿ. "ಇನ್ನೂ ಇಲ್ಲ" ಅಂತಾನೋ ಇಲ್ಲವೋ? ಊರವರೂ ಅಯ್ಯೋ ಅಂದರು. "ಪಾಪ, ಊಟ ಬಿಟ್ಟಿದ್ದಾನೆ, ತಗೊಳ್ಳಪ್ಪಾ ಎರಡು ಹೆಚ್ಚಿಗೆ ಕಡುಬು." ಬೇಡ ಅನ್ನೋ ಬಾಯಿ ಎಲ್ಲಿದೆ ಅವನಿಗೆ?

ಎರಡನೇ ಸಲ ಹೊಳೆಯಾಚೆ ಹೋದ. ಬೀಗ್ತಿ ಬಡಿಸಿದಳು, ಬುಟ್ಟಿ ಹೊರಿಸಿದಳು. ಮಗಳು ಕಾಲಿಟ್ಟಳು. ಬುಳುಬುಳು!

ಸಣ್ಣಯ್ಯನಿಗೆ ತಲೆ ಕೆಟ್ಟುಹೋಯ್ತು. "ಊಟಾನೇ ಮಾಡದೆ ಮೈ ಹೇಗೆ ಬರುತ್ತೆ? ಗಾಳಿ ಕುಡಿದು ಊದ್ತಾ ಇದ್ದೀನಾ?" ಮತ್ತೆ ಪಂಡಿತನ ಹತ್ರ ಓಡಿದ. ಪಂಡಿತ ನೋಡಿದ. "ಬಾಯಿ ಕಟ್ಟು" ಅಂದ. ಒಳಗೆ ಹೋದ.

ನಮ್ಮ ಸಣ್ಣಯ್ಯ ಏನು ಮಾಡಿದ? ಹೆಗಲ ಮೇಲಿದ್ದ ಟವಲು ತೆಗೆದು ಬಾಯಿಗೆ ಕಟ್ಟಿದ! ಗದ್ದದಿಂದ ನೆತ್ತಿಗೆ ಗಂಟು. ಊರೆಲ್ಲ ನೋಡಿ ಮರುಗಿತು. "ಅಯ್ಯೋ, ಸಣ್ಣಯ್ಯನಿಗೆ ಹಲ್ಲುನೋವು. ಗಟ್ಟಿ ಪದಾರ್ಥ ಆಗಲ್ಲ." ಒಬ್ಬಳು ಗಸಗಸೆ ಪಾಯಸ ತಂದಳು. ಒಬ್ಬಳು ತುಪ್ಪ ಹಾಕಿದ ಗಂಜಿ ತಂದಳು. ಒಬ್ಬಳು ರಾಗಿ ಹಾಲುಬಾಯಿ ತಂದು "ಹಲ್ಲೇ ಬೇಡ ಕಣಣ್ಣ, ಜಾರಿಕೊಂಡು ಹೋಗುತ್ತೆ" ಅಂದಳು. ಟವಲು ಬಿಚ್ಚಿ ಕುಡಿದ, ಟವಲು ಕಟ್ಟಿದ. ಬಿಚ್ಚಿ ಕುಡಿದ, ಕಟ್ಟಿದ. ಸೊಂಟದ ಉಡಿದಾರ ಪಟ್ ಅಂತ ಕಿತ್ತುಹೋಯ್ತು.

ಹೊನ್ನಮ್ಮನಿಗೆ ಅಳು, ಸಿಟ್ಟು, ಎರಡೂ ಒಟ್ಟಿಗೆ ಬಂದವು. "ನಿನ್ನ ಹೊಟ್ಟೆ ಬೆಳೆದಿದ್ದು ಹಸಿವಿಗಲ್ಲ ಕಣಯ್ಯಾ, ದಾಕ್ಷಿಣ್ಯಕ್ಕೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಅಂತಾರೆ. ನಿನ್ನ ದಾಕ್ಷಿಣ್ಯದಿಂದ ಈಗ ನನ್ನ ಮಗಳಿಗೆ ಹೆರೋಕೆ ತಾವಿಲ್ಲ!"

ಮೂರನೇ ಸಲ ಪಂಡಿತನ ಬಾಗಿಲಿಗೆ ಹೋದ. ಮೋಡ ಕಟ್ಟಿತ್ತು, ಹೊಳೆ ನೀರು ಕೆಂಪಗಾಗಿತ್ತು. "ಸ್ವಾಮಿ, ಬಡಿಸೋರ ಮುಂದೆ ಬೇಡ ಅನ್ನೋಕೆ ನಾಲಿಗೆ ಏಳಲ್ಲ. ಏನು ಮಾಡಲಿ?" ಪಂಡಿತ ತುಂಬ ಹೊತ್ತು ಯೋಚನೆ ಮಾಡಿದ. "ಸಾಕು ಅನ್ನು" ಅಂದ.

ಇದು ಬೇಡ ಅನ್ನೋದಕ್ಕಿಂತ ಸಲೀಸು. ದಾರಿಯುದ್ದ ಬಾಯಿಪಾಠ ಮಾಡಿದ. ಸಾಕು, ಸಾಕು, ಸಾಕು. ಹುಟ್ಟು ಹಾಕ್ತಾ ಸಾಕು. ದಡ ಹತ್ತುತ್ತಾ ಸಾಕು. ಎಲೆ ಮುಂದೆ ಕೂತು, ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡ.

ದೊಡ್ಡತಾಯಮ್ಮ ಹೋಳಿಗೆ ಹಿಡ್ಕೊಂಡು ಬಂದಳು. ಬರ್ತಾ ಬರ್ತಾ ಅಂದಳು, "ಬೀಗರೇ, ಹೊಳೆ ಏರ್ತಾ ಇದೆ. ಎರಡು ಸಲ ಬಂದ್ರಿ, ಎರಡು ಸಲವೂ ಆಗಲಿಲ್ಲ. ಬಾಣಂತನ ಇಲ್ಲೇ ಆಗಲಿ ಬಿಡಿ. ನಿಮ್ಮ ಮಗಳನ್ನ ನಾನೇ ಸಾಕ್ಲಾ?"

ಸಣ್ಣಯ್ಯನ ಕಿವಿಗೆ ಮಾತು ಬಿತ್ತೋ ಇಲ್ಲವೋ. ಮೂಗಿಗೆ ತುಪ್ಪದ ವಾಸನೆ ಬಿತ್ತು. ಗಟ್ಟಿಯಾಗಿ ಅಂದ:

"ಸಾಕು ತಾಯೀ! ಸಾಕು! ಸಾಕು!"

"ಆಹಾ!" ಅಂದಳು ದೊಡ್ಡತಾಯಮ್ಮ. "ಒಂದಲ್ಲ, ಮೂರು ಸಲ ಅಂದ್ರಿ. ಸಾಕ್ತೀನಿ ಬೀಗರೇ, ಹೆತ್ತ ಮಗಳ ಹಾಗೆ ಸಾಕ್ತೀನಿ!" ಅಂತ ಸಂತೋಷಕ್ಕೆ ಎರಡು ಹೋಳಿಗೆ ಎಲೆಗೆ ಹಾಕಿದಳು.

ಸಣ್ಣಯ್ಯ ಕಣ್ಣು ಬಿಟ್ಟ. ಏನಾಯ್ತು? ಹೋಳಿಗೆ ಬೇಡ ಅಂದ್ನಾ, ಮಗಳು ಬೇಡ ಅಂದ್ನಾ? ಬಾಗಿಲಲ್ಲಿ ಚಲುವಿ ನಿಂತಿದ್ದಳು, ಕಣ್ಣಲ್ಲಿ ನೀರು. ಹಾಗಲ್ಲ ಅಂತ ಹೇಳಬೇಕು. ಹೇಳಿದರೆ ಬೀಗ್ತಿಗೆ ಬೇಜಾರಾಗುತ್ತೆ. ಹೇಳದಿದ್ದರೆ ಮಗಳು ಕೈತಪ್ಪುತ್ತಾಳೆ. ನುಂಗಲಾರ, ಉಗುಳಲಾರ.

"ನೀನೂ ಕೂತ್ಕೊಳ್ಳವ್ವಾ ಚಲುವಿ, ಎರಡು ಜೀವ" ಅಂತ ದೊಡ್ಡತಾಯಮ್ಮ ಸೊಸೆಗೂ ಎಲೆ ಹಾಕಿದಳು. ಒಂದು ಹೋಳಿಗೆ ಹಾಕಿದಳು, ಚಲುವಿ ತಿಂದಳು. ಇನ್ನೊಂದು ಹಾಕಿದಳು, ನುಂಗಿದಳು. ಮೂರನೆಯದು ಬಿತ್ತು. ಹುಡುಗಿ ಎಲೆ ನೋಡಿದಳು, ಅತ್ತೆ ಮುಖ ನೋಡಿದಳು. ಹಸಿವಿಲ್ಲ, ಉಬ್ಬಸ ಬರ್ತಿದೆ. ಆದರೂ ನಗುಮುಖ ಮಾಡಿಕೊಂಡು ತುತ್ತು ಮುರಿದಳು.

ಸಣ್ಣಯ್ಯ ಮೆಲ್ಲಗೆ ಕೇಳಿದ, "ಯಾಕವ್ವಾ, ಸೇರದಿದ್ರೆ ಬಿಡಬಾರದಾ?"

"ಹೇಗೆ ಹೇಳಲಪ್ಪಾ?" ಅಂದಳು ಚಲುವಿ. "ಅತ್ತೆಗೆ ಏನನ್ನಿಸುತ್ತೋ."

ಕೇಳಿದ್ರಾ? ತನ್ನ ಮಾತು ಮಗಳ ಬಾಯಲ್ಲಿ ಕೇಳಿ ಸಣ್ಣಯ್ಯನಿಗೆ ಎದೆ ಧಸಕ್ ಅಂತು. ಮಗಳಿಗೆ ಮೂಗು, ಬಣ್ಣ ಮಾತ್ರ ಕೊಟ್ಟಿದ್ದೀನಿ ಅಂದ್ಕೊಂಡಿದ್ದ. ಈ ರೋಗವನ್ನೂ ಕೊಟ್ಟಿದ್ದೀನಾ?

ದೊಡ್ಡತಾಯಮ್ಮ ನಾಲ್ಕನೆಯದು ಎತ್ತಿದಳು. ಸಣ್ಣಯ್ಯನ ಕೈ ಮುಂದೆ ಹೋಯ್ತು. ತನ್ನ ಎಲೆಗಲ್ಲ, ಮಗಳ ಎಲೆ ಮೇಲೆ ಅಡ್ಡ ಇಟ್ಟ.

"ಬೇಡ ತಾಯಿ" ಅಂದ. "ನನ್ನ ಮಗಳಿಗೆ ಹೊಟ್ಟೆ ತುಂಬಿದೆ. ನಿಮ್ಮ ಕೈ ಅಡಿಗೆಗೆ ನಾನು ಕೈ ಮುಗೀತೀನಿ. ಆದರೆ ಅವಳಿಗೆ ಈಗ ಬೇಕಾಗಿರೋದು ಹೋಳಿಗೆ ಅಲ್ಲ, ಅವ್ವ. ಕರ್ಕೊಂಡು ಹೋಗ್ತೀನಿ. ಬುಟ್ಟಿ ಬೇಡ. ನನಗೂ ಬೇಡ."

ಆಕಾಶ ಬೀಳುತ್ತೆ ಅಂತ ಸಣ್ಣಯ್ಯ ಕಾದ. ದೊಡ್ಡತಾಯಮ್ಮ ಹೋಳಿಗೆ ಹಿಡಿದ ಕೈ ಹಾಗೇ ಇಟ್ಕೊಂಡು ಅಪ್ಪನನ್ನ ನೋಡಿದಳು, ಮಗಳನ್ನ ನೋಡಿದಳು.

"ಬೇಡ್ವಾ?" ಅಂದಳು. "ಅಯ್ಯೋ, ಹೇಳಬಾರದಿತ್ತಾ? ನೀವಿಬ್ಬರೂ ತಿಂತಾನೇ ಇದ್ರಿ, ಹಸಿವು ಅಂದ್ಕೊಂಡು ನಾನು ಒಲೆ ಮುಂದೆ ಬೇಯ್ತಾನೇ ಇದ್ದೆ. ನನ್ನ ಸೊಂಟ ಬಿದ್ದುಹೋಯ್ತಲ್ರೀ!" ಅಂತ ಅಲ್ಲೇ ಕುಸಿದು ಕೂತು ಆ ಹೋಳಿಗೆ ತಾನೇ ತಿಂದಳು.

ಬುಟ್ಟಿ ಇಲ್ಲದ ಹರಿಗೋಲಲ್ಲಿ ಅಪ್ಪ ಕೂತ, ಮಗಳು ಕೂತಳು. ಕೆಂಪು ನೀರು ಅಂಚಿನ ತನಕ ಬಂತು, ಒಳಗೆ ಬರಲಿಲ್ಲ. ಸಣ್ಣಯ್ಯ ಸುಳಿ ತಪ್ಪಿಸಿ ಹುಟ್ಟು ಹಾಕಿದ. ಆ ಸಂಜೆ ಮಳೆ ಹಿಡೀತು ನೋಡಿ, ಹೊಳೆ ದಡ ಬಿಟ್ಟು ಹರೀತು.

ದಡದಲ್ಲಿ ಹೊನ್ನಮ್ಮ ಮಗಳನ್ನ ತಬ್ಬಿಕೊಂಡಳು. "ಏನು ಮಾಡಿಕೊಡ್ಲಿ ಕಂದಾ?"

"ಏನೂ ಬೇಡವ್ವಾ" ಅಂದಳು ಚಲುವಿ, ಜೀವಮಾನದಲ್ಲಿ ಮೊದಲನೇ ಸಲ. ಅಂದು, ತಾನೇ ಬೆಚ್ಚಿ ಅಪ್ಪನ ಮುಖ ನೋಡಿದಳು. ಅಪ್ಪ ಹುಟ್ಟು ಕೆಳಗಿಟ್ಟು ಮಗುವಿನ ಹಾಗೆ ಅತ್ತುಬಿಟ್ಟ.

ಸಣ್ಣಯ್ಯ ಆಮೇಲೆ ಸಣ್ಣಗಾದನಾ? ಆದ ಅಂತಾರೆ ಒಬ್ಬರು, ಸ್ವಲ್ಪ ಅಂತಾರೆ ಇನ್ನೊಬ್ಬರು. ಊಟದಿಂದ ಮೈ ಬರುತ್ತೋ, ಗುಣದಿಂದ ಬರುತ್ತೋ, ನನಗಂತೂ ಇವತ್ತಿಗೂ ಗೊತ್ತಾಗಿಲ್ಲ. ಹರಿಗೋಲು ಆ ದಡ ಸೇರ್ತು, ಕಥೆ ಈ ದಡ ಸೇರ್ತು. ಹೂಂ ಅಂದ ಬಾಯಿಗೆ ಪುಣ್ಯ ಬರಲಿ, ಏಳ್ರಪ್ಪಾ.